ಹದಿನೆಂಟು ದಾಟಿದ ಮಗನೂ, ಬ್ಯಾಂಕಿನ ಸಹಿಯೂ

ಮಾನ್ಯರೇ,

ನನ್ನ ಮಗನಿಗೆ 26 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇದೆ. ಅವನ ಗಡ್ಡ ಬೋಳಿಸುವುದು ಅಪ್ಪ, ಇಡ್ಲಿ ಕಿವುಚಿ ತಿನ್ನಿಸುವುದು ನಾನು. ಸಾಂಬಾರ್ ಜಾಸ್ತಿಯಾದರೆ ಬಾಯಿಯನ್ನೇ ತೆರೆಯುವುದಿಲ್ಲ, ಅಷ್ಟು ಹಟ! ಇದೆಲ್ಲ ನಮಗೆ ರೂಢಿ.

ಕಷ್ಟವಾದದ್ದು ಬ್ಯಾಂಕಿನಲ್ಲಿ. ‘ಅವರೇ ಸಹಿ ಹಾಕಲಿ’ ಎಂದರು. ಪೆನ್ನು ಹಿಡಿಯಲಾಗದವನು ಸಹಿ ಹಾಕುವುದು ಹೇಗೆ? ಸುಮ್ನೆ ಮೂರು ಸಲ ಅಲೆದೆವು. ಮಕ್ಕಳಿಗೆ 18 ತುಂಬಿದರೆ ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಲ್ಲವಂತೆ. ಇಂಥವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿಯೂ ಅದರಲ್ಲಿರುತ್ತಾರೆ. ಎಂಟು ವರ್ಷ ಇದನ್ನು ನಮಗೆ ಯಾರೂ ಹೇಳಲಿಲ್ಲ.

ಅಂಗವಿಕಲರ ಗುರುತಿನ ಚೀಟಿ ಕೊಡುವಾಗಲೇ ಒಂದು ಹಾಳೆಯಲ್ಲಿ ಇದನ್ನು ಅಚ್ಚು ಹಾಕಿಸಿ ಕೊಡಬಹುದಲ್ವಾ?

– ಒಬ್ಬ ತಾಯಿ, ಹಾಸನ