ಅಮ್ಮ ಮನೆಗೆ ಬಂದಳು

ಉಸಿರಾಟ ಕಷ್ಟವಾಗಿ ಶಿವಮೊಗ್ಗದ ಆಸ್ಪತ್ರೆ ಸೇರಿದ್ದ ಅಮ್ಮನನ್ನು ಮೊನ್ನೆ ಸಂಜೆ ತೀರ್ಥಹಳ್ಳಿಗೆ ಕರೆದುಕೊಂಡು ಬಂದೆವು. ಕಾರಿನಿಂದ ಇಳಿದವಳೇ ಮೊದಲು ಕೇಳಿದ್ದು ಕರು ಎಲ್ಲಿ ಅಂತ. ಹಾಗಾಗಿ ತಲೆ ಸರಿಯಾಗಿದೆ, ಯಾರೂ ಚಿಂತೆ ಮಾಡಬೇಡಿ. ಏನಾಯ್ತು, ಹೇಗಾಯ್ತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ. ಫೋನಿನಲ್ಲಿ ಹೇಳಿ ಹೇಳಿ ನನಗೂ ಸಾಕಾಗಿದೆ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಇತ್ತು.

ಮಂಡಗದ್ದೆಯ ತಿರುವುಗಳಲ್ಲೂ ಅಮ್ಮನನ್ನು ಒರಗಿಸಿ ಹಿಡಿದುಕೊಂಡೇ ಶಿವಮೊಗ್ಗ ಮುಟ್ಟಿಸಿದ 108ರ ಹುಡುಗರು, ಎರಡು ಹೊತ್ತೂ ಹಾಲು ಕರೆದು ಡೈರಿಗೆ ಹಾಕಿದ ಪಕ್ಕದ ಮನೆಯವರು, ಬಸ್ಸಿನಲ್ಲಿ ಬುತ್ತಿ ಕಳಿಸಿದ ಚಿಕ್ಕಮ್ಮ, ದುಡ್ಡಿನ ಮಾತೇ ಎತ್ತದೆ ದುಡ್ಡು ಹಾಕಿದ ಗೆಳೆಯರು, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಡಾಕ್ಟರಿಗೂ ಅಷ್ಟೇ. ಅವರು ಕೇಳಿದ ಮೊದಲ ಪ್ರಶ್ನೆ ‘ಮನೇಲಿ ಯಾವ ಒಲೆ?’ ಅಂತ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯ್ತು. ಆದರೆ ಬಚ್ಚಲೊಲೆಗೆ ಇವತ್ತಿಗೂ ಸೌದೆಯೇ ಅಲ್ವಾ. ಬೀಡಿ ಮುಟ್ಟದ ಹೆಂಗಸಿನ ಶ್ವಾಸಕೋಶ ಹೀಗಾಗೋಕೆ ಆ ಹೊಗೆಯೇ ಸಾಕಂತೆ.

ಉಳಿದ ಬರಹವೆಲ್ಲ ಒಬ್ಬರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ. ಸಿಸ್ಟರ್ ಅಂತಲೇ ಬರೆಯುತ್ತೇನೆ.

ಅಮ್ಮ ಇದ್ದದ್ದು ಎಚ್‌ಡಿಯುನಲ್ಲಿ. ವಾರ್ಡಿಗೂ ಐಸಿಯುಗೂ ನಡುವಿನ ಜಾಗ ಅದು. ಮಿಷನ್ನಿನಿಂದ ಗಾಳಿ ತಳ್ಳುವ ಬೈಪ್ಯಾಪ್ ಮಾಸ್ಕ್ ಹಾಕಿದ್ದರು. ಮಾಸ್ಕ್‌ನಲ್ಲೇ ಸುಧಾರಿಸಿದರೆ ಸರಿ, ಇಲ್ಲದಿದ್ದರೆ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್ ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಎರಡನೇ ರಾತ್ರಿ ಅಮ್ಮನಿಗೆ ಗೊಂದಲ ಜಾಸ್ತಿಯಾಯಿತು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಹಾಗಾಗುತ್ತದೆ. ನನ್ನ ಗುರುತು ಸಿಗಲಿಲ್ಲ. ಮಾಸ್ಕ್ ಕಿತ್ತು ಕಿತ್ತು ಎಸೆಯುತ್ತಿದ್ದಳು.

ಹೀಗಾದಾಗ ಕೈ ಕಟ್ಟುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಸಿಸ್ಟರ್ ಕಟ್ಟಲಿಲ್ಲ. ಮಂಚದ ತಲೆಯ ಕಡೆ ಇನ್ನಷ್ಟು ಎತ್ತಿದರು. ಬೆಲ್ಟನ್ನು ಪೂರ್ತಿ ಬಿಚ್ಚಿ, ಮಾಸ್ಕನ್ನು ಬರೀ ಕೈಯಲ್ಲಿ ಮುಖಕ್ಕೆ ಹಿಡಿದುಕೊಂಡು ನಿಂತರು. ಅಮ್ಮ ತಳ್ಳಿದಾಗ ಒಂದು ಗಳಿಗೆ ತೆಗೆಯುತ್ತಿದ್ದರು, ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದರು, ಮತ್ತೆ ಇಡುತ್ತಿದ್ದರು. ‘ಅಮ್ಮಾ, ಮಿಷನ್ನು ಗಾಳಿ ತಳ್ಳುತ್ತೆ. ನೀವು ಎಳ್ಕೊಳ್ಳಿ ಸಾಕು. ಹಾಂ, ಹಂಗೇ.’ ಅದೇ ಮಾತು, ಅದೇ ದನಿ, ಮತ್ತೆ ಮತ್ತೆ. ಸಂಬಂಧಿಕರು ಹೊರಗಿರಬೇಕು ಅನ್ನುವ ನಿಯಮವಿದ್ದರೂ ನನ್ನನ್ನು ಒಳಗೆ ಕರೆದು, ‘ಏನಾದ್ರೂ ಮಾತಾಡ್ತಾ ಇರಿ, ನಿಮ್ಮ ದನಿ ಗೊತ್ತಾಗುತ್ತೆ’ ಅಂದರು. ನಾನು ತೋಟ, ಕೊನೆ ಕೊಯ್ಲು, ಅಡಿಕೆ ರೇಟು ಅಂತ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಮಾಸ್ಕ್ ಒತ್ತಿ ಮೂಗಿನ ದಿಣ್ಣೆ ಕೆಂಪಾಗಿತ್ತು. ಸಿಸ್ಟರ್ ಒಂದು ಪಟ್ಟಿಯನ್ನು ಉಗುರಿನಷ್ಟು ಅಗಲಕ್ಕೆ ಕತ್ತರಿಸಿ ಅಲ್ಲಿ ಅಂಟಿಸಿದರು. ಅಷ್ಟು ಗಡಿಬಿಡಿಯಲ್ಲೂ ಅದರ ಮೂಲೆಗಳನ್ನು ದುಂಡಗೆ ಮಾಡಿದ್ದರು, ಚುಚ್ಚಬಾರದು ಅಂತ.

ಮಾನಿಟರ್‌ನಲ್ಲಿ ರಕ್ತದ ಆಕ್ಸಿಜನ್ 89, 90 ತೋರಿಸುತ್ತಿತ್ತು. 95ರ ಮೇಲಿರಬೇಕು ಅಂತ ಕೊರೊನಾ ಕಾಲದಲ್ಲಿ ಎಲ್ಲರೂ ಕಲಿತಿದ್ದೇವಲ್ಲ. ಅಣ್ಣ ಬಾಗಿಲಲ್ಲೇ ನಿಂತು, ಆಕ್ಸಿಜನ್ ಜಾಸ್ತಿ ಮಾಡಿ ಅಂತ ದನಿ ಏರಿಸಿದ. ಸಿಸ್ಟರ್ ಸಿಡುಕಲಿಲ್ಲ. ಇಂಥ ಶ್ವಾಸಕೋಶಕ್ಕೆ 88ರಿಂದ 92 ಇದ್ದರೆ ಸಾಕು, ಜಾಸ್ತಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಿ ಮಂಪರು ಕವಿಯುತ್ತದೆ ಅಂತ ಬಿಡಿಸಿ ಹೇಳಿದರು. ಹೇಳುವಾಗಲೂ ಕೈ ಮಾಸ್ಕ್ ಮೇಲೇ ಇತ್ತು. ಪಕ್ಕದ ಹಾಸಿಗೆಯ ಅಜ್ಜನೂ ಅವರ ಪಾಲಿಗೇ ಇದ್ದರು. ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆಯಾ ಒಬ್ಬರನ್ನು ಕರೆದುಕೊಂಡು ಅದನ್ನೂ ತಪ್ಪಿಸಲಿಲ್ಲ. ಆ ಹೊತ್ತಿಗೆ ಮಾಸ್ಕ್ ಹಿಡಿಯುವ ಕೆಲಸ ನನಗೆ. ನನ್ನ ಕೈ ಐದು ನಿಮಿಷಕ್ಕೇ ಸೋತಿತು.

ಇನ್ನೊಂದು ಮಾತು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಆ ರಾತ್ರಿ ಒಂದು ಹೊತ್ತಿನಲ್ಲಿ ನಾನು ಬೇಡಿಕೊಂಡದ್ದು ಅಮ್ಮ ಉಳಿಯಲಿ ಅಂತಲ್ಲ. ಇದು ಬೇಗ ಮುಗಿದುಹೋಗಲಿ ಅಂತ. ಅವಳ ಕಣ್ಣು ನೋಡೋಕಾಗುತ್ತಿರಲಿಲ್ಲ. ಸಿಸ್ಟರ್‌ಗೆ ಹೇಗೆ ಗೊತ್ತಾಯಿತೋ, ನನ್ನ ಕಡೆ ತಿರುಗದೆಯೇ, ‘ಹೊರಗೆ ಹೋಗಿ ಟೀ ಕುಡ್ಕೊಂಡು ಬನ್ನಿ, ನಾನಿದ್ದೀನಿ’ ಅಂದರು. ಹೋದೆ. ಗೇಟಿನ ಹತ್ತಿರ ಟೀ ಲೋಟ ಹಿಡಿದುಕೊಂಡು ಅತ್ತೆ. ಟೀ ಅಂಗಡಿಯವನು ದುಡ್ಡು ತಗೊಳ್ಳಲಿಲ್ಲ. ಅವನಿಗೂ ಒಂದು ಥ್ಯಾಂಕ್ಸ್.

ಬೆಳಗಿನ ಜಾವ ಮಣಿಕಟ್ಟಿನಿಂದ ರಕ್ತ ತೆಗೆದು, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ನೋಡೋಕೆ ಮತ್ತೆ ಪರೀಕ್ಷೆಗೆ ಕಳಿಸಿದರು. ಚೀಟಿ ಬಂತು. ಸಿಸ್ಟರ್ ಅದನ್ನು ಎರಡು ಸಲ ಓದಿದರು. ‘ಇಳೀತಾ ಇದೆ’ ಅಂದರು, ಅಷ್ಟೇ. ಆಮೇಲೆ ಕೂತು ರಾತ್ರಿಯದ್ದೆಲ್ಲ ಚಾರ್ಟಿನಲ್ಲಿ ಬರೆದರು, ಎಷ್ಟು ಮೂತ್ರ ಹೋಯಿತು ಅನ್ನುವುದನ್ನೂ ಸೇರಿಸಿ. ಡ್ಯೂಟಿ ಮುಗಿದ ಮೇಲೂ ಬೆಳಗಿನ ಸಿಸ್ಟರ್‌ಗೆ ಮಾಸ್ಕಿನ ಬೆಲ್ಟ್ ಎಷ್ಟು ಬಿಗಿ ಇರಬೇಕು ಅಂತ ಹಾಕಿ ತೋರಿಸಿಯೇ ಹೊರಟರು. ಅಮ್ಮನಿಗೆ ಆ ರಾತ್ರಿ ಒಂದಿಷ್ಟೂ ನೆನಪಿಲ್ಲ. ಸಿಸ್ಟರ್ ಮುಖವೂ ನೆನಪಿಲ್ಲ. ಡಿಸ್ಚಾರ್ಜ್ ದಿನ ಪರಿಚಯ ಮಾಡಿಸಿದಾಗ, ‘ಊಟ ಆಯ್ತಾ ಮಗಾ?’ ಅಂತ ಕೇಳಿದಳು. ಸಿಸ್ಟರ್ ಜೋರಾಗಿ ನಕ್ಕರು.

ನೋಡೋಕೆ ಬರುತ್ತೇವೆ ಅಂತ ತುಂಬ ಜನ ಕೇಳಿದ್ದೀರಿ. ಬನ್ನಿ, ಸಂಜೆ ನಾಲ್ಕರ ಮೇಲೆ. ಒಟ್ಟಿಗೆ ಹತ್ತು ಜನ ಬೇಡ. ಕೆಮ್ಮು ನೆಗಡಿ ಇದ್ದವರು ಫೋನಿನಲ್ಲೇ ಮಾತಾಡಿ. ಬಚ್ಚಲಿಗೆ ಸೋಲಾರ್ ಬರುತ್ತಿದೆ. ಮಳೆಗಾಲಕ್ಕೆ ಏನು ಮಾಡೋದು ಅಂತ ಅಮ್ಮ ಆಗಲೇ ಜಗಳ ಶುರು ಮಾಡಿದ್ದಾಳೆ. ಮಾವಾ, ನೀವು ಬೀಡಿಯನ್ನು ಗೇಟಿನ ಆಚೆಯೇ ಮುಗಿಸಿ ಬನ್ನಿ.