ನಮ್ಮೂರ ಮೆಕ್ಯಾನಿಕ್ ಕಾಕಾ

ಮಾನ್ಯರೇ,

ಹೋದ ತಿಂಗಳು ನಮ್ಮ ಕಾಕಾ ತೀರಿಕೊಂಡರು. ನಿಧನ ವಾರ್ತೆಯಲ್ಲಿ 'ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧು ಬಳಗ' ಅಂತ ಬಂತು. ಮನುಷ್ಯ ಅಂದರೆ ಅಷ್ಟೇ ಅಲ್ಲ ಅಲ್ವಾ? ಅದಕ್ಕೇ ಈ ಪತ್ರ.

ಕಾಕಾ ಐಟಿಐ ಮೆಟ್ಟಿಲು ಹತ್ತಿದವರಲ್ಲ. ಆದರೂ ಪಂಪ್‌ಸೆಟ್ ಕೆಟ್ಟರೆ ಊರವರು ಮೊದಲು ಅವರನ್ನೇ ಕರೆಯುತ್ತಿದ್ದರು. ಮೋಟರ್ ಓಡುತ್ತದೆ, ನೀರು ಬರುವುದಿಲ್ಲ ಅಂದರೆ ಅವರ ಕೈ ನೇರ ಫುಟ್‌ವಾಲ್ವಿಗೆ, ಅಂದರೆ ನೀರು ವಾಪಸ್ ಇಳಿಯದಂತೆ ಪೈಪಿನ ತುದಿಯಲ್ಲಿ ತಡೆಯುವ ವಾಲ್ವಿಗೆ, ಹೋಗುತ್ತಿತ್ತು. ಕಸ ಸಿಕ್ಕಿರುತ್ತಿತ್ತು, ಇಲ್ಲವೇ ವಾಷರ್ ಸವೆದಿರುತ್ತಿತ್ತು. ಹಳೆ ಚರ್ಮದ ತುಂಡು ಕತ್ತರಿಸಿ ವಾಷರ್ ಮಾಡಿ ಕೂರಿಸುತ್ತಿದ್ದರು. ಆಮೇಲೆ ಪೈಪಿಗೆ ಕೊಡದಿಂದ ನೀರು ತುಂಬಿ, "ಈಗ ಹಾಕ್ರಪಾ ಸ್ವಿಚ್" ಅನ್ನುತ್ತಿದ್ದರು. ದುಡ್ಡು ಕೇಳುತ್ತಿರಲಿಲ್ಲ. ಚಹಾ ಮಾತ್ರ ಬಿಡುತ್ತಿರಲಿಲ್ಲ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಎಡದಂಡೆ ಕಾಲುವೆ ನಂಬಿದ ನಮಗೆಲ್ಲ ಭತ್ತದ ಚಿಂತೆ. ಕಾಕಾ ಪಾನಾ ಹಿಡಿದು ನಿಂತು, "ನನಗೊಂದು ಫೋನ್ ಮಾಡಿದ್ರ ಸೈಕಲ್ ಚೈನರ ಕೊಡ್ತಿದ್ನಲ್ಲೋ" ಅಂದರು. ಅಂಥ ಹೊತ್ತಲ್ಲೂ ಊರ ಕಟ್ಟೆ ಮೇಲಿದ್ದವರೆಲ್ಲ ನಕ್ಕೆವು. ಆ ಜಾಗಕ್ಕೆ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಫೋಟೊ ಕತ್ತರಿಸಿ ತಮ್ಮ ಸಾಮಾನಿನ ಪೆಟ್ಟಿಗೆಗೆ ಅಂಟಿಸಿಕೊಂಡರು.

ಕಾಕಿಯದು ಒಂದೇ ದೂರು: ಊರ ಮೋಟರೆಲ್ಲ ರಿಪೇರಿ ಆದವು, ಮನೆ ಮಿಕ್ಸಿ ಆಗಲಿಲ್ಲ. ಕೇಳಿದರೆ, "ರುಬ್ಬುಗುಂಡಿಗೆ ಕರೆಂಟ್ ಬೇಕಿಲ್ಲ" ಅಂತ ನಗುತ್ತಿದ್ದರು. ಮಿಕ್ಸಿ ಇನ್ನೂ ಹಾಗೇ ಇದೆ.

ಹಳ್ಳಿಯಲ್ಲಿ ಇಂಥವರು ಜಾಸ್ತಿ ಜನ ಇದ್ದಾರೆ. ಅವರ ಬಗ್ಗೆ ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ ಸರ್. ಬದುಕಿರುವಾಗಲೇ ಕೊಟ್ಟರೆ ಅವರೇ ಓದಿಕೊಳ್ಳುತ್ತಾರೆ.

— ಓದುಗ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ