ಕಾಲುವೆ ದಂಡೆಯ ಗರಸು ದಾರಿಯನ್ನು ಸೈಕಲ್ಲಿಗೆ ಬಿಡಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಮುಧೋಳ ತಾಲೂಕಿನ ರೈತ. ಘಟಪ್ರಭಾ ಎಡದಂಡೆ ಕಾಲುವೆಯ ನೀರಿನಲ್ಲಿ ಕಬ್ಬು, ಗೋವಿನಜೋಳ ಬೆಳೆಯುತ್ತೇನೆ. ಸೈಕಲ್ ಹೊಡೆಯುವ ಹುಚ್ಚು ಚಿಕ್ಕಂದಿನಿಂದ ಇದೆ. ಈ ಪತ್ರದಲ್ಲಿ ಕೇಳುವುದು ಇಷ್ಟೇ: ಕಾಲುವೆ ದಂಡೆಯ ಮೇಲಿನ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣಿನ) ದಾರಿಗೆ ದೊಡ್ಡ ವಾಹನ ಬರದಂತೆ ಮಾಡಿ. ಸೈಕಲ್ಲಿನವರು, ನಡೆಯುವವರು, ಹೊಲಕ್ಕೆ ಹೋಗುವವರು ಮಾತ್ರ ಓಡಾಡಲಿ. ಮತ್ತೆ ಆ ದಾರಿಗೆ ದಯವಿಟ್ಟು ಡಾಂಬರು ಹಾಕಿಸಬೇಡಿ.

ಡಾಂಬರು ಬೇಡ ಅನ್ನುವ ಅರ್ಜಿ ತಮ್ಮ ಕಚೇರಿಗೆ ಬರುವುದು ಅಪರೂಪ ಇರಬಹುದು. ಯಾಕೆ ಬೇಡ ಅಂತ ಮುಂದೆ ಹೇಳುತ್ತೇನೆ.

ನಮ್ಮ ಭಾಗದ ಸೈಕ್ಲಿಂಗ್ ಬಗ್ಗೆ ತಮಗೆ ಗೊತ್ತೇ ಇದೆ. ಕರ್ನಾಟಕದ ಸೈಕಲ್ ಪಟುಗಳು ಅಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ ಕಡೆಯ ಮಕ್ಕಳೇ ಜಾಸ್ತಿ. ಬಾಗಲಕೋಟೆ ಮತ್ತು ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ನಿಲಯಗಳಿವೆ. ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. ಬರುವವರು ರೈತರ ಮಕ್ಕಳು, ನೇಕಾರರ ಮಕ್ಕಳು, ಕೂಲಿ ಮಾಡುವವರ ಮಕ್ಕಳು. ಈ ಮಕ್ಕಳು ಬೆಳಗಿನ ಜಾವ ಎಲ್ಲಿ ಅಭ್ಯಾಸ ಮಾಡುತ್ತಾರೆ? ಹೆದ್ದಾರಿಯಲ್ಲಿ. ಗದ್ದನಕೇರಿ ಕ್ರಾಸ್‌ನಿಂದ ಕೊಲ್ಹಾರ ಸೇತುವೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರ ಮೇಲೆ ಒಮ್ಮೆ ಬೆಳಿಗ್ಗೆ ನಿಂತು ನೋಡಿ. ಲಾರಿಗಳು ಬೀಸುವ ಗಾಳಿಗೇ ಸೈಕಲ್ ಪಕ್ಕಕ್ಕೆ ಸರಿಯುತ್ತದೆ.

ಹಂಗಾಮು ಶುರುವಾದ ಮೇಲೆ ಊರ ರಸ್ತೆಗಳೂ ಹಾಗೇ ಆಗುತ್ತವೆ. ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಕಬ್ಬು ಎರಡೂ ಕಡೆ ಹೊರಗೆ ಚಾಚಿರುತ್ತದೆ. ಹಿಂದಿನ ದೀಪ ಇಲ್ಲ, ರೇಡಿಯಂ ಪಟ್ಟಿ ಇದ್ದರೂ ಕೆಸರು ಮೆತ್ತಿ ಕಾಣುವುದಿಲ್ಲ. ಡ್ರೈವರ್ ಹಾಡು ಜೋರಾಗಿ ಹಾಕಿಕೊಂಡಿರುತ್ತಾನೆ, ಹಿಂದೆ ಯಾರು ಕೂಗಿದರೂ ಕೇಳುವುದಿಲ್ಲ. ಆ ಕಬ್ಬು ನಮ್ಮದೇ, ನಾನೂ ಕಳಿಸುವವನೇ. ಡ್ರೈವರನ್ನು ಬೈದು ಉಪಯೋಗ ಇಲ್ಲ. ಮಕ್ಕಳನ್ನು ಅವನ ದಾರಿಯಿಂದ ದೂರ ಇಡಬೇಕು, ಅಷ್ಟೇ.

ಅದಕ್ಕೆ ಹೊಸ ದಾರಿ ಮಾಡಬೇಕಾಗಿಲ್ಲ. ಆಗಲೇ ಇದೆ.

ಬ್ರಿಟಿಷರ ಕಾಲದ ಧೂಪದಾಳ ಒಡ್ಡಿನಿಂದ ಹೊರಡುವ ನಮ್ಮ ಎಡದಂಡೆ ಕಾಲುವೆ ಮೊದಲು 71 ಕಿಲೋಮೀಟರ್ ಇತ್ತು. ಹಿಡಕಲ್ ಜಲಾಶಯದ ಯೋಜನೆಯಲ್ಲಿ ಅದನ್ನು 109 ಕಿಲೋಮೀಟರಿಗೆ ಬೆಳೆಸಿದರು. ಕಾಲುವೆ ಜೊತೆಗೇ ನೀರಾವರಿ ನಿಗಮದ ಜೀಪು ಓಡಾಡಲು ದಂಡೆಯ ಮೇಲೆ ದಾರಿ ಇದೆ. ನೀರು ತಾನಾಗಿ ಹರಿಯಬೇಕು ಅಂದರೆ ಕಾಲುವೆಗೆ ಕಿಲೋಮೀಟರಿಗೆ ಗೇಣು, ಎರಡು ಗೇಣು ಇಳಿಜಾರು ಸಾಕು. ಹಾಗಾಗಿ ಅದು ಗುಡ್ಡ ಹತ್ತುವುದಿಲ್ಲ, ತಗ್ಗಿಗೆ ಇಳಿಯುವುದಿಲ್ಲ, ನೆಲದ ಮಟ್ಟ ಹಿಡಿದು ಸುತ್ತಿ ಬಳಸಿ ಹೋಗುತ್ತದೆ. ಪಕ್ಕದ ದಾರಿಯೂ ಹಾಗೇ ಸಪಾಟು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುತ್ತಾ?

ನದಿ ದಂಡೆಯಲ್ಲೇ ದಾರಿ ಮಾಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಹೊಳೆ ಪಕ್ಕದ್ದು ಎರೆ ಮಣ್ಣು. ಒಂದು ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿಬಿಡುತ್ತದೆ, ಕಡ್ಡಿ ಹಾಕಿ ಕೆರೆದರೂ ಚಕ್ರ ತಿರುಗುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಏನು ಮಾಡಿತು ಅಂತ ಮುಧೋಳದವರು ಮರೆತಿಲ್ಲ. ಕಾಲುವೆ ದಂಡೆ ಎತ್ತರದಲ್ಲಿದೆ, ಗರಸು ಹಾಕಿ ಕುಟ್ಟಿದ ನೆಲ. ಮಳೆ ನಿಂತು ಒಂದು ದಿನ ಬಿಸಿಲು ಬಿದ್ದರೆ ಗಟ್ಟಿಯಾಗುತ್ತದೆ.

ಆ ದಾರಿಯಲ್ಲಿ ಸೈಕಲ್ ಹೊಡೆಯುವ ಸುಖ ಹೇಳಿದರೆ ಗೊತ್ತಾಗುವುದಲ್ಲ, ಆದರೂ ಹೇಳುತ್ತೇನೆ. ನೀರು ಬಿಟ್ಟಾಗ ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ಕೆಳಗೆ ಕಬ್ಬು, ಅರಿಶಿಣ. ಟೈರಿನಡಿ ಗರಸು ಚರಚರ ಅನ್ನುತ್ತದೆ, ಬೇರೆ ಸದ್ದಿಲ್ಲ. ಮಹಾಲಿಂಗಪುರದ ಕಡೆ ಹೋದರೆ ಗಾಣದ ಮನೆಯಿಂದ ಬೆಲ್ಲದ ಹೊಗೆ ದಾರಿಯವರೆಗೂ ಬರುತ್ತದೆ. ತೋಟದ ವಸ್ತಿಯ ಹುಡುಗಿಯರು ಇದೇ ದಂಡೆ ಹಿಡಿದು ಹೈಸ್ಕೂಲಿಗೆ ಹೋಗುತ್ತಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಈ ದಾರಿ ಎಷ್ಟು ಮಕ್ಕಳನ್ನು ಓದಿಸಿತೋ! ಮಾತಾಡುತ್ತಾ ಮೂವರು ಸಾಲಾಗಿ ಅಕ್ಕಪಕ್ಕ ಸೈಕಲ್ ಹೊಡೆಯುವುದನ್ನು ನಮ್ಮ ಸೀಮೆಯಲ್ಲಿ ನಾನು ಇನ್ನೆಲ್ಲೂ ನೋಡಿಲ್ಲ. ಹೆದ್ದಾರಿಯಲ್ಲಿ ಆ ಧೈರ್ಯ ಯಾರಿಗಿದೆ?

ಹೊರದೇಶದಲ್ಲಿ ಇಂಥ ದಾರಿಗಳನ್ನು ಹುಡುಕಿಕೊಂಡು ಹೋಗಿ ಸೈಕಲ್ ಹೊಡೆಯುತ್ತಾರೆ. ಗ್ರ್ಯಾವೆಲ್ ಸೈಕ್ಲಿಂಗ್ ಅಂತ ಹೆಸರು. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಟೈರ್ ಮಾತ್ರ ಅಗಲ, ಸುಮಾರು 35ರಿಂದ 50 ಮಿಲಿಮೀಟರ್. 2022ರಲ್ಲಿ ಇದಕ್ಕೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು, ಇಟಲಿಯ ವೆನೆಟೊ ಸೀಮೆಯಲ್ಲಿ. ಫ್ರಾನ್ಸಿನಲ್ಲಿ ಕನಾಲ್ ದ್ಯು ಮಿದಿ ಅಂತ 17ನೇ ಶತಮಾನದ ಕಾಲುವೆ ಇದೆ, ಸುಮಾರು 240 ಕಿಲೋಮೀಟರ್. ಹಿಂದೆ ಕುದುರೆಗಳು ದಡದ ಮೇಲೆ ನಡೆದು ದೋಣಿ ಎಳೆಯುತ್ತಿದ್ದ ಹಾದಿಯಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ. ಬಹಳ ಕಡೆ ಅದು ಈಗಲೂ ಮಣ್ಣು, ಜಲ್ಲಿಯ ದಾರಿಯೇ.

ನಮ್ಮ ಮಕ್ಕಳ ವಿಷಯಕ್ಕೆ ಬಂದರೆ, ವೇಗದ ಅಭ್ಯಾಸಕ್ಕೆ ಡಾಂಬರು ಬೇಕೇ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೈಕ್ಲಿಂಗಿನಲ್ಲಿ ದಮ್ಮು ಬರುವುದು ತಾಸುಗಟ್ಟಲೆ ಒಂದೇ ಹದದಲ್ಲಿ ತುಳಿಯುವುದರಿಂದ. ಅದಕ್ಕೆ ಗರಸು ದಾರಿ ಚೆನ್ನಾಗಿ ಆಗುತ್ತದೆ. ಅಗಲ ಟೈರು ಹಾಕಿದ ಸಾದಾ ಸೈಕಲ್ ಇದ್ದರೂ ನಡೆಯುತ್ತದೆ. ಜಾರುವ ನೆಲದಲ್ಲಿ ಹ್ಯಾಂಡಲ್ ಹಿಡಿತ ಕಲಿತ ಮಗು ಮುಂದೆ ರೇಸಿನ ತಿರುವಿನಲ್ಲಿ ಹೆದರುವುದಿಲ್ಲ.

ಈಗ ಡಾಂಬರಿನ ಮಾತು. ದಂಡೆಗೆ ಡಾಂಬರು ಬಿದ್ದ ದಿನವೇ ಅದು ಅಡ್ಡದಾರಿ ಆಗುತ್ತದೆ. ಮೊದಲು ಬೈಕು, ಆಮೇಲೆ ಟಿಪ್ಪರ್, ಆಮೇಲೆ ಕಬ್ಬಿನ ಟ್ರ್ಯಾಕ್ಟರ್. ದಂಡೆ ಇರುವುದು ನೀರು ತಡೆಯಲಿಕ್ಕೆ. ಭಾರ ಬಿದ್ದು ಅಂಚು ಕುಸಿದರೆ ಕಾಲುವೆಯೇ ಒಡೆಯುತ್ತದೆ, ಕೊನೆ ಭಾಗದ ರೈತರಿಗೆ ನೀರು ತಪ್ಪುತ್ತದೆ. ಮಂಡ್ಯ ಜಿಲ್ಲೆಯ ಕನಗನಮರಡಿಯಲ್ಲಿ 2018ರ ನವೆಂಬರಿನಲ್ಲಿ ಬಸ್ಸು ಕಾಲುವೆಗೆ ಉರುಳಿ 30 ಜನ ಸತ್ತರು. ಕಾಲುವೆ ಪಕ್ಕ ದೊಡ್ಡ ವಾಹನ ಓಡಿಸುವ ಮೊದಲು ಆ ಊರನ್ನು ನೆನೆಯಬೇಕು.

ಹಾಗಂತ ದಾರಿ ಈಗ ಚೆನ್ನಾಗಿದೆ ಅಂತಲ್ಲ. ಹೂಳು ತೆಗೆಸುತ್ತಾರೆ, ತೆಗೆದ ಹೂಳನ್ನು ದಾರಿಯ ಮೇಲೇ ಸುರಿದು ಹೋಗುತ್ತಾರೆ. ಅದು ಒಣಗಿ ಗಡ್ಡೆ ಕಟ್ಟಿ, ಮುಂದಿನ ಮಳೆಗೆ ಮತ್ತೆ ರಾಡಿ. ಜಾಲಿ ಕಂಟಿ ಎರಡೂ ಕಡೆಯಿಂದ ಬೆಳೆದು ದಾರಿ ಅರ್ಧ ಆಗಿದೆ. ಸವರಿದರೂ ಮುಳ್ಳಿನ ಟೊಂಗೆ ಅಲ್ಲೇ ಬಿಡುತ್ತಾರೆ, ಟ್ಯೂಬಿಗೆ ಅದೇ ಯಮ. ಕೆಲವು ಕಡೆ ಪೈಪು ಹಾಯಿಸಲು ನಾವು ರೈತರೇ ದಂಡೆ ಅಗೆದಿದ್ದೇವೆ, ಅಗೆದವರು ಸರಿಯಾಗಿ ಮುಚ್ಚಬೇಕು. ಎಲ್ಲಕ್ಕಿಂತ ದೊಡ್ಡ ಚಿಂತೆ ನೀರಿನದು. ಕಾಂಕ್ರೀಟ್ ಹಾಕಿದ ಕಡೆ ಪಾಚಿ ಕಟ್ಟಿರುತ್ತದೆ. ಒಳಗೆ ಬಿದ್ದವನಿಗೆ ಈಜು ಬಂದರೂ ಹತ್ತಿ ಬರಲಿಕ್ಕೆ ಹಿಡಿತ ಸಿಗುವುದಿಲ್ಲ. ಅಲ್ಲಲ್ಲಿ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಬಳೆ, ತಿರುವುಗಳಲ್ಲಿ ಸುಣ್ಣ ಬಳಿದ ಕಲ್ಲು ಬೇಕು. ಇದು ಸೈಕಲ್ಲಿಗಾಗಿ ಮಾತ್ರ ಅಲ್ಲ. ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆ, ದನ ತೊಳೆಯುವವರಿಗೆ ಎಂದೋ ಮಾಡಬೇಕಿದ್ದ ಕೆಲಸ.

ತಮ್ಮ ಕೈಯಲ್ಲಿ ಅಧಿಕಾರ ಇದೆ. ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ತಡೆಯಲು ಅಲ್ಲಿನ ಜಿಲ್ಲಾಧಿಕಾರಿಗಳು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಬಳಸಿದ್ದಾರೆ. ನಮ್ಮ ದಂಡೆಗೂ ಅಂಥ ಆದೇಶ ಆಗಲಿ. ಊರ ರಸ್ತೆ ದಂಡೆಗೆ ಸೇರುವ ಕಡೆಯಲ್ಲಿ ಎತ್ತರ ಕಡಿಮೆ ಇರುವ ಅಡ್ಡಕಂಬ ನಿಲ್ಲಿಸಿದರೆ ಸಾಕು. ಟಿಪ್ಪರ್ ಮತ್ತು ತುಂಬಿದ ಕಬ್ಬಿನ ಟ್ರೇಲರ್ ಒಳಗೆ ಬರುವುದಿಲ್ಲ. ಎತ್ತಿನ ಬಂಡಿ, ಸಣ್ಣ ಟ್ರ್ಯಾಕ್ಟರ್, ನಿಗಮದ ಜೀಪು ಬರುತ್ತವೆ. ದಂಡೆಗೆ ಹೊಂದಿದ ಹೊಲದವರಿಗೆ ಕಬ್ಬು ಕಡಿಯುವ ದಿನಗಳಲ್ಲಿ ಒಂದು ಟ್ರೇಲರಿಗೆ, ಹಗಲು ಹೊತ್ತು ಮಾತ್ರ, ಅಡ್ಡಕಂಬ ಸರಿಸಿ ಹತ್ತಿರದ ಊರ ರಸ್ತೆಯವರೆಗೆ ಅವಕಾಶ ಕೊಡಿ. ಇದು ಇಲ್ಲದಿದ್ದರೆ ರೈತರು ಕಂಬವನ್ನೇ ಕಿತ್ತು ಹಾಕುತ್ತಾರೆ, ಅವರದು ತಪ್ಪು ಅಂತಲೂ ಹೇಳಲಾಗುವುದಿಲ್ಲ.

ಇಡೀ 109 ಕಿಲೋಮೀಟರ್ ಒಮ್ಮೆಲೇ ಕೇಳುತ್ತಿಲ್ಲ. ಕಾಲುವೆಯ ಮೇಲಿನ ಭಾಗ ಬೆಳಗಾವಿ ಜಿಲ್ಲೆಯದು, ಅಲ್ಲಿನವರ ಜೊತೆ ಆಮೇಲೆ ಮಾತಾಡಬಹುದು. ಮೊದಲು ಮುಧೋಳ, ಜಮಖಂಡಿ ಭಾಗದಲ್ಲಿ ಒಂದು ತುಂಡು ಆರಿಸಿ. ನಿಗಮದ ಎಂಜಿನಿಯರರು, ಕ್ರೀಡಾ ಇಲಾಖೆಯವರು, ನೀರು ಬಳಕೆದಾರರ ಸಂಘದವರು, ಸೈಕಲ್ ಕೋಚ್‌ಗಳು, ಇವರನ್ನೆಲ್ಲ ಒಂದು ಕಡೆ ಕೂರಿಸಿ. ಸಭೆ ಕಚೇರಿಯಲ್ಲಿ ಬೇಡ, ದಂಡೆಯ ಮೇಲೇ ಆಗಲಿ. ಹೂಳಿನ ಗುಡ್ಡೆ, ಕಂಟಿ, ಅಗೆದ ಜಾಗ ಎಲ್ಲ ಕಣ್ಣಾರೆ ಕಾಣುತ್ತದೆ. ಕಂಟಿ ಸವರಲು, ಗುಂಡಿಗೆ ಗರಸು ತುಂಬಲು ನಮ್ಮೂರಿನ ರೈತರು ಕೈ ಹಚ್ಚುತ್ತೇವೆ. ಆ ಮಾತು ನಾನು ಊರಲ್ಲಿ ಕೇಳಿಯೇ ಬರೆಯುತ್ತಿದ್ದೇನೆ.

ದೀಪಾವಳಿ ಹೊತ್ತಿಗೆ ಕಾರ್ಖಾನೆಗಳು ಶುರುವಾಗುತ್ತವೆ, ಟ್ರ್ಯಾಕ್ಟರುಗಳು ರಸ್ತೆಗೆ ಇಳಿಯುತ್ತವೆ. ಆದೇಶ ಅದಕ್ಕಿಂತ ಮೊದಲು ಬಂದರೆ ಈ ವರ್ಷದ ಮಕ್ಕಳಿಗೇ ಉಪಯೋಗ ಆಗುತ್ತದೆ. ಸ್ಥಳ ನೋಡಲು ಯಾವತ್ತು ಬರುತ್ತೀರಿ ಅಂತ ಒಂದು ಮಾತು ತಿಳಿಸಿ, ನಾವು ದಂಡೆಯ ಮೇಲೆ ಇರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಧೋಳ ತಾಲೂಕಿನ ಒಬ್ಬ ರೈತ